ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಬನ್ನಿ: ಎಸ್ಕಾಂ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳ ವ್ಯವಸ್ಥಾಪಕ ನಿರ್ದೇಶಕರಿಗೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಅಧ್ಯಕ್ಷರು ಮತ್ತು ಸದಸ್ಯರಿಗೆ, ಹಾಗೆಯೇ ಪ್ರತಿ ಶಾಖಾ ಕಚೇರಿಯ ಜೆಇ (ಕಿರಿಯ ಇಂಜಿನಿಯರ್) ಸಾಹೇಬರಿಗೆ

ಮಾನ್ಯರೇ,

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ನಿಮ್ಮ ಲೈನಿಗೆ ಜೋಡಿಸಿಕೊಡುವ ಕೆಲಸ ಮಾಡುತ್ತೇನೆ. ಜೊತೆಗೆ ಇಬ್ಬರು ಹುಡುಗರಿದ್ದಾರೆ, ಒಂದು ಗೂಡ್ಸ್ ಆಟೋ ಇದೆ. ಊರಿನ ಹೆಸರನ್ನಾಗಲಿ, ಕಚೇರಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಯಾರೋ ಒಬ್ಬ ಅಧಿಕಾರಿಯ ಮೇಲೆ ದೂರು ಹೇಳಲು ಕೂತವನಲ್ಲ ನಾನು. ಬೇರೆ ಜಿಲ್ಲೆಗಳಲ್ಲಿ ಇದೇ ಕಸುಬು ಮಾಡುವ ಗೆಳೆಯರು ಫೋನ್ ಮಾಡಿದಾಗಲೂ ಇವೇ ಮಾತು ಬರುತ್ತವೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಲಾರ್ ಅರ್ಜಿಗೆ ಈಗ ಒಪ್ಪಿಗೆ ಬೇಗ ಸಿಗುತ್ತಿದೆ. ಆ ಭರದಲ್ಲಿ ನಿಮ್ಮ ಜೆಇ ಮತ್ತು ನಾನು ಒಂದೇ ಕಂಬದ ಕೆಳಗೆ ನಿಂತು ಲೈನನ್ನು ನೋಡುವ ಅರ್ಧ ಗಂಟೆ ಕಳೆದುಹೋಗಿದೆ. ಅದನ್ನು ವಾಪಸ್ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಒಂದು ಮನೆಯ ಕಥೆ ಹೇಳುತ್ತೇನೆ. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ 3 ಕಿಲೋವ್ಯಾಟ್‌ನ ಪ್ಯಾನೆಲ್ ಹಾಕಿದ್ದೆವು. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಲೆಕ್ಕ, ಅಂದರೆ 12 ಯೂನಿಟ್ ಬರಬೇಕು. ಮೊದಲ ತಿಂಗಳು ಬಂತು. ಮಾರ್ಚ್ ಹೊತ್ತಿಗೆ ಏಳಕ್ಕೆ ಇಳಿಯಿತು. ಬಿಸಿಲು ಏರುತ್ತಿದೆ, ಯೂನಿಟ್ ಇಳಿಯುತ್ತಿದೆ. ಮೇಷ್ಟ್ರು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಟಿದ್ದರು: "11.50, ಕೆಂಪು ದೀಪ. 12.05, ಹಸಿರು. 12.10, ಮತ್ತೆ ಕೆಂಪು." ಆ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದು, "ಇದೇನಪ್ಪಾ ಇದು, ಉರಿ ಬಿಸಿಲಲ್ಲೇ ಮಲಗಿಬಿಡ್ತದೆ ನಿನ್ನ ಮಿಷಿನ್ನು" ಅಂದರು. ಅವರಿಗೆ ಸಿಟ್ಟಿರಲಿಲ್ಲ. ನಿವೃತ್ತಿ ಹಣದಲ್ಲಿ ಹಾಕಿಸಿದ್ದು, ಕಳವಳ ಇತ್ತು.

ಆ ಮಿಷಿನ್ ಅಂದರೆ ಇನ್ವರ್ಟರ್, ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸಿ ಲೈನಿಗೆ ಸೇರಿಸುವ ಪೆಟ್ಟಿಗೆ. ಅದು ಮಲಗುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ, ಅದರ ಪರದೆಯ ಮೇಲೇ ಬರೆದಿತ್ತು: ವೋಲ್ಟೇಜ್ ಹೆಚ್ಚು. ಮಧ್ಯಾಹ್ನ ಹನ್ನೆರಡೂವರೆಗೆ ಅಳೆದರೆ 256.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಇಂಜಿನಿಯರುಗಳಿಗೆ ಗೊತ್ತಿರುವುದೇ ಆದರೂ ಈ ಪತ್ರವನ್ನು ಮನೆ ಮೇಲೆ ಪ್ಯಾನೆಲ್ ಹಾಕಿಸಿದವರೂ ಓದುತ್ತಾರೆ. ಮನೆಗೆ ಬರಬೇಕಾದ ವೋಲ್ಟೇಜ್ 230. ಶೇ 6ರಷ್ಟು ಮೇಲೆ ಕೆಳಗೆ ಆಗಬಹುದು, ಅಂದರೆ 216ರಿಂದ 244ರ ಒಳಗೆ ಇರಬೇಕು. ಇನ್ವರ್ಟರಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು ಹಾಕಿದ ಗೆರೆ ಬೇರೆ: 230ಕ್ಕಿಂತ ಶೇ 10 ಜಾಸ್ತಿಯಾದರೆ, ಅಂದರೆ 253 ದಾಟಿದರೆ, ಎರಡು ಸೆಕೆಂಡಿನೊಳಗೆ ಅದು ಲೈನಿನಿಂದ ಕಳಚಿಕೊಳ್ಳಬೇಕು. ಈಗ ನೋಡಿ, ನಿಮ್ಮ ಲೈನು ನಿಯಮದ ಪ್ರಕಾರವೇ 244ರಲ್ಲಿದೆ ಎಂದಿಟ್ಟುಕೊಂಡರೂ ನಮ್ಮ ಪಾಲಿಗೆ ಉಳಿಯುವುದು 9 ವೋಲ್ಟ್. ನಾಲೆಯ ಕೊನೆಯಂಚಿನ ಗದ್ದೆಯಿಂದ ನೀರನ್ನು ಮೇಲಕ್ಕೆ ಹತ್ತಿಸಬೇಕಾದರೆ ನಾಲೆಗಿಂತ ಎತ್ತರಕ್ಕೆ ಎತ್ತಲೇಬೇಕಲ್ಲ, ಹಾಗೆಯೇ ಮನೆಯಿಂದ ಕರೆಂಟನ್ನು ಕಂಬದ ಕಡೆಗೆ ತಳ್ಳಬೇಕಾದರೆ ಇನ್ವರ್ಟರ್ ಲೈನಿಗಿಂತ ನಾಲ್ಕಾರು ವೋಲ್ಟ್ ಮೇಲಿರಲೇಬೇಕು. ಆ ಏರಿಕೆಗೆಲ್ಲ ಇರುವ ಜಾಗ ಈ 9 ವೋಲ್ಟೇ.

ಮೇಷ್ಟ್ರ ಮನೆಯಲ್ಲಿ ಮೊದಲ ತಪ್ಪು ನಮ್ಮದೇ ಆಗಿತ್ತು. ಕಂಬದಿಂದ ಮೀಟರಿಗೆ 40 ಮೀಟರ್ ದೂರ. ಅಷ್ಟುದ್ದಕ್ಕೂ ಹಳೆಯ ಕಾಲದ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಸರ್ವೀಸ್ ವೈರ್. ಎರಡು ಟ್ಯೂಬ್‌ಲೈಟು, ಒಂದು ಮಿಕ್ಸಿ ಇದ್ದ ಕಾಲಕ್ಕೆ ಹಾಕಿದ್ದು. 3 ಕಿಲೋವ್ಯಾಟ್ ಇನ್ವರ್ಟರ್ ಹನ್ನೆರಡು ಹದಿಮೂರು ಆಂಪಿಯರ್ ಹೊರಗೆ ತಳ್ಳುವಾಗ ಆ ವೈರಿನಲ್ಲೇ ಏಳೆಂಟು ವೋಲ್ಟ್ ಏರುತ್ತದೆ. ಕಂಬದ ಹತ್ತಿರ 248 ಇದ್ದದ್ದು ಇನ್ವರ್ಟರಿನ ಬಾಯಲ್ಲಿ 256 ಆಗಿತ್ತು. 16 ಚದರ ಮಿಲಿಮೀಟರಿನ ವೈರ್ ಹಾಕಿದೆವು. ಏರಿಕೆ ಎರಡು ವೋಲ್ಟಿಗೆ ಇಳಿಯಿತು. ಇದನ್ನು ನಾನು ಪ್ಯಾನೆಲ್ ಹಾಕುವ ದಿನವೇ ನೋಡಬೇಕಿತ್ತು. ನೋಡಲಿಲ್ಲ. ಮೇಷ್ಟ್ರ ಕ್ಷಮೆ ಕೇಳಿ ವೈರಿನ ಖರ್ಚನ್ನು ನಾವೇ ಹಾಕಿಕೊಂಡೆವು.

ಅಷ್ಟಾದರೂ ಭಾನುವಾರ ಮಾತ್ರ ಕೆಂಪು ದೀಪ ತಪ್ಪಲಿಲ್ಲ. ಅಂಗಡಿ ಮುಚ್ಚಿರುತ್ತವೆ, ವೆಲ್ಡಿಂಗ್ ಶೆಡ್ ನಡೆಯುವುದಿಲ್ಲ, ಲೋಡ್ ಕಡಿಮೆ. ಕಂಬದಲ್ಲೇ 252. ಇಲ್ಲಿಂದ ಮುಂದಿನದು ನನ್ನ ಕೈಲಿ ಇರಲಿಲ್ಲ. ಉಪವಿಭಾಗಕ್ಕೆ ಅರ್ಜಿ ಕೊಟ್ಟೆ. ಮತ್ತೆ ಕೊಟ್ಟೆ. ಮೂರನೆಯದಕ್ಕೆ ಉತ್ತರ ಬಂತು: "ಇನ್ವರ್ಟರ್ ದೋಷವಿರಬಹುದು, ಅಳವಡಿಸಿದವರನ್ನು ಸಂಪರ್ಕಿಸಿ." ಅಳವಡಿಸಿದವನು ನಾನೇ. ಹೀಗೇ ಮೂರು ತಿಂಗಳು ಕಾಗದ ಓಡಾಡಿತು.

ಕೊನೆಗೆ ಹೊಸದಾಗಿ ಬಂದ ಜೆಇ ಒಬ್ಬರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, "ಅರ್ಜಿ ಇರಲಿ ಸರ್, ಭಾನುವಾರ ಮಧ್ಯಾಹ್ನ ನಾನೇ ಬರ್ತೀನಿ" ಅಂದರು. ರಜೆಯ ದಿನ ಬೈಕಿನಲ್ಲಿ ಬಂದರು. 250 ಕೆವಿಎ ಟಿ.ಸಿ.ಯ ಲೈನಿನಲ್ಲಿ ಮೇಷ್ಟ್ರ ಮನೆಯ ಕಂಬದ ಕೆಳಗೆ ಇಬ್ಬರೂ ನಿಂತು ಮೂರೂ ಫೇಸ್, ಅಂದರೆ ಟಿ.ಸಿ.ಯಿಂದ ಬೀದಿಗೆ ಕರೆಂಟು ತರುವ ಮೂರು ವೈರುಗಳನ್ನು, ಅಳೆದೆವು. ಆರ್ ಫೇಸಿನಲ್ಲಿ 252, ವೈ ಫೇಸಿನಲ್ಲಿ 244, ಬಿ ಫೇಸಿನಲ್ಲಿ 243. ಅವರು ಬೀದಿಯುದ್ದಕ್ಕೂ ತಲೆಯೆತ್ತಿ ನೋಡುತ್ತಾ ಹೋದರು. ಆ ಬೀದಿಯಲ್ಲಿ ಪ್ಯಾನೆಲ್ ಇರುವ ನಾಲ್ಕು ಮನೆ, ನಾಲ್ಕೂ ಆರ್ ಫೇಸಿನಲ್ಲಿ. ಯಾರೂ ಬೇಕೆಂದು ಮಾಡಿದ್ದಲ್ಲ. ಕಂಬ ಹತ್ತಿದ ಕೈಗೆ ಹತ್ತಿರ ಸಿಕ್ಕ ವೈರಿಗೆ ಸರ್ವೀಸ್ ಕೊಟ್ಟುಕೊಂಡು ಬಂದಿದ್ದಾರೆ, ಅಷ್ಟೇ. ಮರುದಿನ ಎರಡು ಮನೆಗಳನ್ನು ಬೇರೆ ಎರಡು ಫೇಸಿಗೆ ಬದಲಾಯಿಸಿದರು. ಅರ್ಧ ಗಂಟೆಯ ಕೆಲಸ. ಆರ್ ಫೇಸ್ 247ಕ್ಕೆ ಬಂತು.

ಅದಾದ ಮೇಲೂ ಅವರು ಬಿಡಲಿಲ್ಲ. ಮೂರೂ ಫೇಸ್ ಮೇಲಿರುವುದರಿಂದ ಟಿ.ಸಿ.ಯ ಟ್ಯಾಪ್, ಅಂದರೆ ಅದರ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಸ್ವಿಚ್ಚು, ನೋಡಿದರು. ಯಾವುದೋ ಬೇಸಿಗೆಯ ಸಂಜೆ ಕೊನೆಯ ಮನೆಯ ದೀಪ ಮಂಕಾಗುತ್ತದೆ ಎಂದು ಯಾರೋ ಏರಿಸಿಟ್ಟದ್ದು ಹಾಗೇ ಉಳಿದಿತ್ತು. ಒಂದು ದಿನ ಎಲ್‌ಸಿ (ಲೈನಿನ ಕರೆಂಟು ನಿಲ್ಲಿಸಿ ಕೆಲಸ ಮಾಡಲು ಅನುಮತಿ) ತೆಗೆದುಕೊಂಡು ಒಂದು ಮೆಟ್ಟಿಲು ಇಳಿಸಿದರು. ಮಧ್ಯಾಹ್ನದ ವೋಲ್ಟೇಜ್ 241ಕ್ಕೆ ಬಂತು. ಸಂಜೆ ಏಳೂವರೆಗೆ ನನಗೆ ಅವರಿಂದಲೇ ಫೋನು: "ಲೈನಿನ ಕೊನೇ ಮನೆ ಮುಂದೆ ನಿಂತಿದೀನಿ. ಮೊದಲು 224 ಇತ್ತು, ಈಗ 218. ಮಿತಿಯೊಳಗೇ ಇದೆ, ಬಿಡಿ." ಮೇಷ್ಟ್ರ ಮನೆಯ ವೋಲ್ಟೇಜ್ ಇಳಿಸಿ ಆಯಿತು ಎಂದು ಅವರು ಮನೆಗೆ ಹೋಗಬಹುದಿತ್ತು. ಇಳಿಸಿದ್ದರಿಂದ ಕೊನೆಯ ಮನೆಗೆ ತೊಂದರೆ ಆಯಿತೇ ಎಂದು ಕತ್ತಲಲ್ಲಿ ಹೋಗಿ ಅಳೆದು ಬಂದರು. ಇಂಥ ಇಂಜಿನಿಯರ್ ನಿಮ್ಮ ಕಂಪನಿಯಲ್ಲಿದ್ದಾರೆ ಎಂಬುದು ನಿಮಗೆ ಗೊತ್ತಾಗಬೇಕು. ಅವರು ಮಾಡಿದ್ದು ಯಾವ ಕಡತದಲ್ಲೂ ಬಂದಿಲ್ಲ.

ಮೂರು ತಿಂಗಳ ಕಾಗದದಲ್ಲಿ ಆಗದ್ದು ಮೂರ್ನಾಲ್ಕು ಭೇಟಿಯಲ್ಲಿ ಆಯಿತು. ಆ ಭೇಟಿ ಪ್ಯಾನೆಲ್ ಹಾಕುವ ಮೊದಲೇ ಆಗಿದ್ದರೆ?

ಮೊದಲೆಲ್ಲ ಅಂಥದ್ದೊಂದು ಭೇಟಿ ಇತ್ತು. ಅರ್ಜಿ ಹಾಕಿದ ಮೇಲೆ ತಾಂತ್ರಿಕ ಪರಿಶೀಲನೆ ಎಂದು ಜೆಇ ಸ್ಥಳಕ್ಕೆ ಬರಬೇಕಿತ್ತು. ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತಿತ್ತು, ಎಷ್ಟೋ ಕಡೆ ಬರದೆಯೇ ವರದಿ ಬರೆಯುತ್ತಿದ್ದರು, ಜನ ಅಲೆದು ಸುಸ್ತಾಗುತ್ತಿದ್ದರು. ಹಾಗಾಗಿ 2024ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಈಗ ಆ ಪರಿಶೀಲನೆಯೇ ಬೇಡ, ಅರ್ಜಿ ಸರಿಯಾಗಿದ್ದರೆ ಒಪ್ಪಿಗೆ ಸಿಕ್ಕಂತೆಯೇ. ಮಂಜೂರಾದ ಲೋಡ್ ಸಾಲದಿದ್ದರೆ ಹೆಚ್ಚಿಸಿಕೊಡುವುದು ಕಂಪನಿಯ ಕೆಲಸ. 5 ಕಿಲೋವ್ಯಾಟ್‌ವರೆಗೆ ಲೈನು, ಟಿ.ಸಿ. ಬಲಪಡಿಸಬೇಕಾಗಿ ಬಂದರೆ ಆ ಖರ್ಚೂ ಕಂಪನಿಯದೇ.

ಈ ತಿದ್ದುಪಡಿ ಬಂದ ದಿನ ನಾನು ಸಂತೋಷಪಟ್ಟವನು. ಇಂದಿಗೂ ಅದನ್ನು ಹಿಂತೆಗೆದುಕೊಳ್ಳಿ ಎನ್ನುವುದಿಲ್ಲ, ಯಾರಾದರೂ ಹಾಗೆ ಕೇಳಿದರೆ ವಿರೋಧಿಸುತ್ತೇನೆ. ಆದರೆ ನಡೆದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಪರಿಶೀಲನೆ ಬೇಡ ಎಂದು ನಿಯಮ ಹೇಳಿದ್ದು ಒಪ್ಪಿಗೆ ತಡೆಯದಿರಲಿ ಎಂದು. ಕೆಳಗಿನ ಕಚೇರಿಗಳಲ್ಲಿ ಅದನ್ನು ಲೈನು ನೋಡುವುದೇ ಬೇಡ ಎಂದು ಓದಿಕೊಂಡಿದ್ದಾರೆ. ನಾವು ಅಳವಡಿಸುವವರೂ ಹಾಗೇ ಓದಿಕೊಂಡಿದ್ದೇವೆ. ಪೋರ್ಟಲ್‌ನಲ್ಲಿ ಹಸಿರು ಗುರುತು ಬಂತೋ, ಆಟೋಗೆ ಪ್ಯಾನೆಲ್ ಏರಿಸುತ್ತೇವೆ. ಆ ಟಿ.ಸಿ.ಯ ಮೇಲೆ ಈಗಾಗಲೇ ಎಷ್ಟು ಸೋಲಾರ್ ಇದೆ, ಯಾವ ಫೇಸಿನಲ್ಲಿದೆ ಎನ್ನುವುದು ಪ್ಯಾನೆಲ್ ಹಾಕುವವನಿಗೂ ಗೊತ್ತಿಲ್ಲ, ಟಿ.ಸಿ. ನೋಡಿಕೊಳ್ಳುವವರಿಗೂ ಗೊತ್ತಿಲ್ಲ. ನಾಲ್ಕು ತಿಂಗಳ ನಂತರ ಬೀದಿಯ ಅರ್ಧ ಇನ್ವರ್ಟರುಗಳು ಮಧ್ಯಾಹ್ನ ಮಲಗತೊಡಗಿದಾಗ ಗೊತ್ತಾಗುತ್ತದೆ.

ಇದು ಯಾರ ಅಸಡ್ಡೆಯೂ ಅಲ್ಲ ಎಂದು ನನಗೆ ಅನ್ನಿಸುವುದಕ್ಕೆ ಕಾರಣ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊರಟಿತಲ್ಲ, ಅಂದಿನಿಂದ ನಮ್ಮ ರಾಜ್ಯದ ಲೈನುಗಳೆಲ್ಲ ಒಂದೇ ದಿಕ್ಕಿಗೆ ಹರಿಯುವುದನ್ನು ಕಲಿತವು. ಹುಟ್ಟುವ ಜಾಗದಿಂದ ಉರಿಯುವ ಜಾಗಕ್ಕೆ. ದಪ್ಪ ವೈರಿನಿಂದ ಸಣ್ಣ ವೈರಿಗೆ. ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ, ಅದಕ್ಕೇ ಟಿ.ಸಿ.ಯಲ್ಲಿ ಸ್ವಲ್ಪ ಏರಿಸಿಡು ಎನ್ನುವುದು ಕೆಇಬಿ ಕಾಲದಿಂದ ಬಂದ ಜಾಣತನ. ಆ ಜಾಣತನ ಇಷ್ಟು ವರ್ಷ ಸರಿಯಾಗಿಯೇ ಇತ್ತು. ಈಗ ಮಧ್ಯಾಹ್ನ ನಾಲ್ಕು ತಾಸು ಬೀದಿಯ ಕೊನೆಯ ಮನೆಯೇ ಕರೆಂಟು ಹುಟ್ಟುವ ಜಾಗ. ಅದೇ ಟಿ.ಸಿ., ಅದೇ ಟ್ಯಾಪ್, ಸಂಜೆಗೆ ಸರಿ, ಮಧ್ಯಾಹ್ನಕ್ಕೆ ತಪ್ಪು.

ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದಾಗ, ಆ ಕರೆಂಟು ಹೊರಗೆ ಹೋಗಲೆಂದೇ ಸಬ್‌ಸ್ಟೇಷನ್, ದೊಡ್ಡ ಲೈನು ಎಲ್ಲವನ್ನೂ ಯೋಜಿಸಿ ಕಟ್ಟಿದರು. ಎಲ್ಲಿ ಎಷ್ಟು ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನಕ್ಷೆ ಇತ್ತು. ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ದೇಶದ ಒಂದು ಕೋಟಿ ಮನೆಗಳ ಮೇಲೆ ಪ್ಯಾನೆಲ್ ಬರಲಿ ಎಂದು 2024ರಲ್ಲಿ ಹೊರಟಿದ್ದೇವೆ. ಒಂದೊಂದೂ ಚಿಕ್ಕದು, 2 ಕಿಲೋವ್ಯಾಟ್, 3 ಕಿಲೋವ್ಯಾಟ್. ಚಿಕ್ಕದೆಂದೇ ಯಾರೂ ಅದಕ್ಕೆ ನಕ್ಷೆ ಬರೆದಿಲ್ಲ. 63 ಕೆವಿಎ ಟಿ.ಸಿ.ಯ ಕೆಳಗೆ ಹತ್ತು ಮನೆಗೆ 3 ಕಿಲೋವ್ಯಾಟ್ ಬಂದರೆ ಅದು ಆ ಟಿ.ಸಿ.ಯ ಪಾಲಿಗೆ ಚಿಕ್ಕದಲ್ಲ. ಗೃಹಜ್ಯೋತಿ ಬಂದ ಮೇಲೆ ಸೋಲಾರ್ ಯಾರು ಹಾಕಿಸುತ್ತಾರೆ ಎಂದು ಕೇಳುವವರಿದ್ದಾರೆ. ತಿಂಗಳಿಗೆ 200 ಯೂನಿಟ್ ದಾಟುವ ಮನೆಯವರು ಹಾಕಿಸುತ್ತಾರೆ, ಮತ್ತು ಅಂಥ ಮನೆಗಳು ಸಾಮಾನ್ಯವಾಗಿ ಒಂದೇ ಬಡಾವಣೆಯಲ್ಲಿ, ಒಂದೇ ಟಿ.ಸಿ.ಯ ಕೆಳಗೆ ಇರುತ್ತವೆ.

ಇನ್ನು ಮೀಟರಿನ ವಿಷಯ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಬಟ್ಟೆ ಹೊಲಿದು ಸಂಸಾರ ನಡೆಸುವ ಒಬ್ಬ ತಾಯಿ, ಮೂರು ಮೋಟಾರ್ ಮಿಷಿನ್ ಇಟ್ಟುಕೊಂಡಿದ್ದಾರೆ, ಬ್ಯಾಂಕಿನಲ್ಲಿ ಸಾಲ ಮಾಡಿ 3 ಕಿಲೋವ್ಯಾಟ್ ಹಾಕಿಸಿದರು. ಫೆಬ್ರವರಿ ಕೊನೆಗೆ ಪ್ಯಾನೆಲ್ ಕೂತಿತು. ಪೂರ್ಣಗೊಂಡ ವರದಿ ಸಲ್ಲಿಸಿದೆವು. ಇಲ್ಲಿಂದ ಒಪ್ಪಂದ, ಎರಡೂ ಕಡೆ ಓಡುವ ಮೀಟರು, ಚಾಲನೆ, ಎಲ್ಲವೂ 15 ದಿನದಲ್ಲಿ ಮುಗಿಯಬೇಕೆಂದು ಅದೇ ತಿದ್ದುಪಡಿ ಹೇಳುತ್ತದೆ. ಮೀಟರು ಕೂತದ್ದು 71ನೇ ದಿನ. ಯಾರೂ ಲಂಚ ಕೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಮೊದಲು ಮೀಟರ್ ಸ್ಟಾಕ್ ಇಲ್ಲ ಎಂದರು. ನಾವೇ ಹೊರಗಿನಿಂದ ತಂದುಕೊಟ್ಟ ಮೇಲೆ ಮೀಟರ್ ಟೆಸ್ಟಿಂಗ್‌ಗೆ ಸರದಿ ಎಂದರು. ಟೆಸ್ಟ್ ಆಗಿ ಬಂದ ಮೇಲೆ ಸೀಲ್ ಹಾಕುವವರು ಚುನಾವಣಾ ಕೆಲಸಕ್ಕೆ ಹೋಗಿದ್ದರು. ಒಂದೊಂದು ಕಾರಣವೂ ನಿಜವೇ. ಎಲ್ಲ ಸೇರಿ ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಬಿಸಿಲು ತಾರಸಿಯ ಮೇಲೆ ಬಿದ್ದು ವ್ಯರ್ಥವಾಯಿತು. ದಿನಕ್ಕೆ 12 ಯೂನಿಟ್ ಲೆಕ್ಕದಲ್ಲಿ 800ಕ್ಕೂ ಹೆಚ್ಚು ಯೂನಿಟ್. ಸಾಲದ ಕಂತು ಮಾತ್ರ ಮಾರ್ಚಿನಿಂದಲೇ ಶುರು. ಸಬ್ಸಿಡಿಯ 78 ಸಾವಿರ ಬರುವುದು ಚಾಲನೆಯಾದ ಮೇಲೆ, ಆದ್ದರಿಂದ ಅದೂ ಇಲ್ಲ. ಆ ತಾಯಿ ಒಂದು ಸಲವೂ ನನ್ನ ಮೇಲೆ ರೇಗಲಿಲ್ಲ. ಅಂಗಡಿ ಮುಂದೆ ಹಾದುಹೋದಾಗಲೆಲ್ಲ ಮಿಷಿನ್ ನಿಲ್ಲಿಸಿ "ಬಂತೇನಣ್ಣಾ?" ಅನ್ನುತ್ತಿದ್ದರು. ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಹೋಗಲು ಶುರುಮಾಡಿದ್ದೆ ನಾನು.

ಅವರಿಗೆ ಬೇಕಾಗಿದ್ದದ್ದು ಒಂದು ತಾರೀಖು. "ಏಪ್ರಿಲ್ 20ಕ್ಕೆ ಮೀಟರ್ ಬರುತ್ತದೆ" ಎಂದು ಯಾರಾದರೂ ಬರೆದುಕೊಟ್ಟಿದ್ದರೆ ಬ್ಯಾಂಕಿಗೆ ಹೋಗಿ ಕಂತನ್ನು ಒಂದು ತಿಂಗಳು ಮುಂದೂಡಿಸಿಕೊಳ್ಳಲು ಕೇಳಬಹುದಿತ್ತು. ತಡವಾಗುವುದಕ್ಕಿಂತ ಎಷ್ಟು ತಡ ಎಂದು ಗೊತ್ತಿಲ್ಲದಿರುವುದು ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ.

ಮೀಟರು ಬಂದ ಮೇಲಿನ ತೊಂದರೆ ಬೇರೆ. ಎರಡೂ ಕಡೆಯ ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ: ಒಳಗೆ ಬಂದ ಯೂನಿಟ್ ಒಂದು, ಹೊರಗೆ ಹೋದದ್ದು ಇನ್ನೊಂದು. ರೀಡಿಂಗಿಗೆ ಬರುವ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಮೊದಲ ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಹೊರಗೆ ಹೋದದ್ದು ಸೊನ್ನೆ ಎಂದು ಬಿಲ್ಲು ಬರುತ್ತದೆ. ಅವನನ್ನು ಬಯ್ಯಲು ನನಗೆ ಮನಸ್ಸಿಲ್ಲ. ದಿನಕ್ಕೆ ನೂರಾರು ಮನೆ ನಡೆಯುವವನು.

ನಿಮ್ಮ ಪವರ್‌ಮ್ಯಾನ್‌ಗಳ ಬಗ್ಗೆಯೂ ಒಂದು ಮಾತು ಬರೆಯಲೇಬೇಕು. ಒಂದು ಮನೆಗೆ ಮೀಟರ್ ಕೂರಿಸಲು ಬಂದಿದ್ದ ಹಿರಿಯ ಪವರ್‌ಮ್ಯಾನ್ ಒಬ್ಬರು ಏಣಿ ಇಳಿದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಅಣ್ಣಾ, ನಾನು ಎಲ್‌ಸಿ ತಗೊಂಡು ಕಂಬದ ಮೇಲಿರ್ತೀನಿ. ನಿಮ್ಮ ಪ್ಯಾನೆಲ್ ಮೇಲೆ ಬಿಸಿಲು ಬಿದ್ದೇ ಇರ್ತದೆ. ಆ ಕರೆಂಟು ಎಲ್ಲಿಗೆ ಹೋಗ್ತದೆ?" ಇಪ್ಪತ್ತು ವರ್ಷ ಕಂಬ ಹತ್ತಿದವರು. ಕಲ್ಯಾಣ ಮಂಟಪದ ಜನರೇಟರು ಲೈನಿಗೆ ವಾಪಸ್ ಹೊಡೆದು ಜೊತೆಗಾರನೊಬ್ಬ ಬಿದ್ದದ್ದನ್ನು ಕಂಡವರು. ಆ ಪ್ರಶ್ನೆಯನ್ನು ಅವರು ಅಷ್ಟು ಮನೆಗಳಿಗೆ ಮೀಟರ್ ಹಾಕಿದ ಮೇಲೆ ಕೇಳಿದರು, ಅದೂ ನನ್ನನ್ನು. ಅಲ್ಲಿಯವರೆಗೆ ಪ್ರತಿ ಸಲ ಆ ಹೆದರಿಕೆ ಇಟ್ಟುಕೊಂಡೇ ಕಂಬ ಹತ್ತಿದ್ದರು.

ನಾನು ಅವರನ್ನು ಇನ್ವರ್ಟರ್ ಮುಂದೆ ನಿಲ್ಲಿಸಿ ಮೇನ್ ಸ್ವಿಚ್ ತೆಗೆಯಲು ಹೇಳಿದೆ. ತೆಗೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ವರ್ಟರ್ ಹೊರಗೆ ಕೊಡುವುದನ್ನು ನಿಲ್ಲಿಸಿತು. ಅವರು ಟೆಸ್ಟರ್ ಹಚ್ಚಿ ನೋಡಿದರು, ಬೆಳಕಿಲ್ಲ. ಮತ್ತೆ ಹಾಕಿದರು, ಮತ್ತೆ ತೆಗೆದರು. ಮೂರು ಸಲ ಮಾಡಿದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು. ಲೈನಿನಲ್ಲಿ ಕರೆಂಟು ಹೋದರೆ ಈ ಇನ್ವರ್ಟರ್ ತಾನೂ ನಿಲ್ಲಬೇಕು, ನಿಯಮದಲ್ಲಿ ಅದಕ್ಕಿರುವ ಸಮಯ ಎರಡು ಸೆಕೆಂಡು, ಎಂದು ಹೇಳಿದೆ. ಹಾಗೆಂದು ಮಿಷಿನ್ನನ್ನು ನಂಬಬೇಡಿ, ಲೈನನ್ನು ಶಾರ್ಟ್ ಮಾಡಿ ಅರ್ತ್ ಹಾಕದೆ ಕೈ ಹಾಕಬೇಡಿ ಎಂದೂ ಹೇಳಿದೆ. ಅದಕ್ಕವರು, "ಅದು ಬಿಡಿ, ಅದು ಗೊತ್ತಿದೆ" ಅಂದರು. ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷವನ್ನು ರಾಜ್ಯದ ಪ್ರತಿ ಪವರ್‌ಮ್ಯಾನ್‌ಗೂ ಕೊಡುವುದು ನಿಮ್ಮ ಹೊಣೆ. ಕರೆದರೆ ನಮ್ಮಂಥವರು ಇನ್ವರ್ಟರ್ ಹೊತ್ತುಕೊಂಡು ನಿಮ್ಮ ಉಪವಿಭಾಗಕ್ಕೆ ಬರುತ್ತೇವೆ, ಒಂದು ರೂಪಾಯಿ ಕೇಳುವುದಿಲ್ಲ.

ನಮ್ಮ ಕಡೆಯ ತಪ್ಪುಗಳನ್ನು ಮುಚ್ಚಿಟ್ಟುಕೊಂಡು ನಿಮ್ಮನ್ನು ಕೇಳುವುದು ಸರಿಯಲ್ಲ. ಬೀಗ ಹಾಕಬಹುದಾದ, ತೆರೆದಿದೆಯೋ ಮುಚ್ಚಿದೆಯೋ ಕಣ್ಣಿಗೆ ಕಾಣುವ, ಸೋಲಾರನ್ನು ಲೈನಿನಿಂದ ಬೇರ್ಪಡಿಸುವ ಐಸೊಲೇಟರ್ ಸ್ವಿಚ್ಚು ನಿಮ್ಮ ಸಿಬ್ಬಂದಿಗೆ ಕೈಗೆ ಸಿಗುವ ಕಡೆ ಇರಬೇಕೆಂದು ನಿಯಮ ಇದೆ. ಎಷ್ಟೋ ಮನೆಗಳಲ್ಲಿ ಅದು ತಾರಸಿಯ ಬಾಗಿಲಿನ ಹಿಂದಿದೆ, ಬಾಗಿಲಿಗೆ ಬೀಗ, ಬೀಗದ ಕೈ ಬೆಂಗಳೂರಿನಲ್ಲಿರುವ ಮಗನ ಹತ್ತಿರ. ಅರ್ತಿಂಗ್‌ಗೆ ಮೂರು ಗುಂಡಿ ತೆಗೆಯಬೇಕಾದ ಕಡೆ ಒಂದೇ ತೆಗೆಯುವವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಇನ್ವರ್ಟರ್ ವೋಲ್ಟೇಜ್ ಹೆಚ್ಚಾಗಿ ಮಲಗುತ್ತದೆ ಎಂದಾಗ, ಕಂಬ ನೋಡದೆ, ವೈರ್ ನೋಡದೆ, ಇನ್ವರ್ಟರಿನ ಒಳಗಿನ ಮಿತಿಯನ್ನೇ 253ರಿಂದ 265ಕ್ಕೋ 270ಕ್ಕೋ ಏರಿಸಿಬಿಡುವವರಿದ್ದಾರೆ. ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. ಗ್ರಾಹಕನಿಗೆ ಖುಷಿ, ಯೂನಿಟ್ ಬರುತ್ತದೆ. ಪಕ್ಕದ ಮನೆಯ ಫ್ರಿಜ್ಜು, ಟಿವಿ 260 ವೋಲ್ಟ್ ಕುಡಿಯುತ್ತಿರುತ್ತವೆ. ಆ ಪಕ್ಕದ ಮನೆಯವರ ತಾರಸಿ ಮೇಲೆ ಏನೂ ಇಲ್ಲ, ಅವರಿಗೆ ಇದು ಯಾಕಾಯಿತು ಎಂದೂ ತಿಳಿಯುವುದಿಲ್ಲ. ನನ್ನನ್ನೂ ಕೇಳಿದವರಿದ್ದಾರೆ. ಮಾಡಿಕೊಡಲಿಲ್ಲ ಎಂದು ಎರಡು ಮನೆಯವರು ಬೇರೆಯವರ ಹತ್ತಿರ ಹೋದರು. ಇಂಥದ್ದನ್ನು ಮಾಡಿದವರ ನೋಂದಣಿಯನ್ನು ನೀವು ರದ್ದು ಮಾಡಿದರೆ ನಾನು ನಿಮ್ಮ ಪರ ನಿಲ್ಲುತ್ತೇನೆ. ಆದರೆ ಒಂದು ಮಾತು: ದೂರು ಕೊಟ್ಟ ವಾರದೊಳಗೆ ಯಾರಾದರೂ ಬಂದು ಟಿ.ಸಿ. ನೋಡುತ್ತಾರೆ ಎಂದಾದರೆ ಈ ಅಡ್ಡದಾರಿ ಹಿಡಿಯುವವರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಹಾಗಾದರೆ ನಾನು ಕೇಳುತ್ತಿರುವುದೇನು?

ಒಪ್ಪಿಗೆಗೆ ತಡೆ ಬೇಡ, ಅದು ಈಗಿನಂತೆಯೇ ಸಿಗಲಿ. ಒಪ್ಪಿಗೆ ಸಿಕ್ಕ ದಿನದಿಂದ ಪ್ಯಾನೆಲ್ ತಾರಸಿ ಏರುವ ದಿನದ ನಡುವೆ, ಹೇಗೂ ಎರಡು ಮೂರು ವಾರ ಇರುತ್ತದೆ, ಒಂದು ದಿನ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಜೆಇ ಅಥವಾ ಅವರು ಕಳಿಸಿದ ಪವರ್‌ಮ್ಯಾನ್ ಮತ್ತು ಅಳವಡಿಸುವವನು ಆ ಮನೆಯ ಕಂಬದ ಹತ್ತಿರ ಸೇರಲಿ. ಒಂದು ಚೀಟಿಯಲ್ಲಿ ಟಿ.ಸಿ.ಯ ಸಾಮರ್ಥ್ಯ, ಅದರ ಕೆಳಗೆ ಪ್ರತಿ ಫೇಸಿನಲ್ಲಿ ಈಗಿರುವ ಸೋಲಾರ್, ಕಂಬದಲ್ಲಿ ಆ ಹೊತ್ತಿನ ವೋಲ್ಟೇಜ್, ಸರ್ವೀಸ್ ವೈರಿನ ಗಾತ್ರ ಬರೆದು ಇಬ್ಬರೂ ಸಹಿ ಹಾಕಲಿ. ಅದರಲ್ಲಿ ಏನೇ ಬಂದರೂ ಒಪ್ಪಿಗೆ ರದ್ದಾಗಬಾರದು. ವೈರ್ ಸಣ್ಣದಿದ್ದರೆ ನಾವು ಬದಲಿಸುತ್ತೇವೆ. ಫೇಸ್ ಬದಲಿಸಬೇಕಾದರೆ, ಟ್ಯಾಪ್ ಇಳಿಸಬೇಕಾದರೆ ನೀವು ಮಾಡಿ. ಸಿಬ್ಬಂದಿ ಕಡಿಮೆ ಎಂದು ಗೊತ್ತು. ಒಬ್ಬ ಜೆಇ ಎಷ್ಟು ಹಳ್ಳಿ ನೋಡಿಕೊಳ್ಳುತ್ತಾರೆ ಎಂದೂ ಗೊತ್ತು. ಹಾಗಿದ್ದರೆ ವಾರಕ್ಕೊಂದು ದಿನ ಗೊತ್ತು ಮಾಡಿ, ಆ ವಾರದ ಎಲ್ಲ ಮನೆಗಳನ್ನೂ ಅಂದೇ ನೋಡೋಣ. ಗಾಡಿ ನಮ್ಮದಿದೆ.

ಟಿ.ಸಿ.ಯ ಮೇಲೆ ಈಗ ನಂಬರು, ಕೆವಿಎ ಬರೆದಿರುತ್ತೀರಿ. ಅದರ ಕೆಳಗೇ ಆರ್, ವೈ, ಬಿ ಎಂದು ಮೂರು ಗೆರೆ ಎಳೆದು ಪ್ರತಿ ಫೇಸಿನಲ್ಲಿರುವ ಸೋಲಾರ್ ಕಿಲೋವ್ಯಾಟ್ ಬರೆಸಿ. ಹೊಸ ಮನೆ ಸೇರಿದಾಗ ಬಣ್ಣದಲ್ಲಿ ತಿದ್ದಿದರೆ ಸಾಕು. ನಮಗೆ ಯಾವ ಫೇಸಿಗೆ ಕೊಡಬೇಕೆಂದು ತಿಳಿಯುತ್ತದೆ, ಕಂಬ ಹತ್ತುವವರಿಗೆ ಮೇಲೆ ಎಷ್ಟು ಮನೆಯಲ್ಲಿ ಪ್ಯಾನೆಲ್ ಇದೆ ಎಂದು ತಿಳಿಯುತ್ತದೆ.

ಈಗಿನ ಬಹುಪಾಲು ಇನ್ವರ್ಟರುಗಳಲ್ಲಿ, ವೋಲ್ಟೇಜ್ ಏರಿದಂತೆ ಪೂರ್ತಿ ಮಲಗುವ ಬದಲು ಉತ್ಪಾದನೆಯನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸುವ ಸೌಲಭ್ಯ ಇದೆ. ಎಷ್ಟಕ್ಕೆ ಶುರುವಾಗಬೇಕು, ಎಷ್ಟು ತಗ್ಗಬೇಕು ಎಂದು ನೀವು ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟರೆ ಎಲ್ಲರೂ ಅದನ್ನೇ ಹಾಕುತ್ತೇವೆ. ಈಗ ಒಬ್ಬೊಬ್ಬರದು ಒಂದೊಂದು. ಕೆಲವು ಇನ್ವರ್ಟರುಗಳು ಬೇರೆ ದೇಶದ ಸೆಟ್ಟಿಂಗಿನಲ್ಲೇ ಪೆಟ್ಟಿಗೆಯಿಂದ ಹೊರಬಂದು ಹಾಗೇ ಓಡುತ್ತಿವೆ.

ಪೂರ್ಣಗೊಂಡ ವರದಿ ಸಲ್ಲಿಸಿದ ದಿನವೇ ಮೀಟರಿನ ತಾರೀಖು ಬರೆದುಕೊಡಿ. 15 ದಿನ ಆಗದಿದ್ದರೆ 30 ಎಂದೇ ಬರೆಯಿರಿ, ಕಾರಣವನ್ನೂ ಬರೆಯಿರಿ. ಆಯೋಗದವರಲ್ಲಿ ನನ್ನ ವಿನಂತಿ ಇದು: ಕಂಪನಿಗಳು ಎಷ್ಟು ಅರ್ಜಿಗೆ ಒಪ್ಪಿಗೆ ಕೊಟ್ಟವು ಎಂದು ಕೇಳುವಾಗ, ವರದಿ ಸಲ್ಲಿಸಿದ ಮೇಲೆ ಮೀಟರು ಕೂರಲು ಎಷ್ಟು ದಿನ ಹಿಡಿಯಿತು ಎಂದೂ ಉಪವಿಭಾಗವಾರು ಕೇಳಿ. ಮಧ್ಯಾಹ್ನದ ವೋಲ್ಟೇಜನ್ನೂ ಕೇಳಿ. ಸಂಜೆ ವೋಲ್ಟೇಜ್ ಕಡಿಮೆ ಎಂಬ ದೂರನ್ನು ಎಲ್ಲರೂ ಬಲ್ಲರು, ಮಧ್ಯಾಹ್ನ ಹೆಚ್ಚು ಎಂಬ ದೂರಿಗೆ ಅನೇಕ ಕಚೇರಿಗಳ ರಿಜಿಸ್ಟರಿನಲ್ಲಿ ಇನ್ನೂ ಒಂದು ಕಾಲಂ ಕೂಡ ಇಲ್ಲ.

ಮೇಷ್ಟ್ರು ಈಗಲೂ ನೋಟ್‌ಬುಕ್ ಬರೆಯುತ್ತಾರೆ. ಹೋದ ವಾರ ಹೋಗಿದ್ದಾಗ ತೋರಿಸಿದರು, 12.4, 12.1, 12.6. ಅದೇ ಬೀದಿಯಲ್ಲಿ ಐದನೇ ಮನೆಯವರು ಪ್ಯಾನೆಲ್ ಹಾಕಿಸಲು ಮುಂದೆ ಬಂದಿದ್ದಾರೆ. ಒಪ್ಪಿಗೆ ಬಂದಾಗಿದೆ. ಆ ಜೆಇಗೆ ವರ್ಗವಾಗಿದೆ, ಹೊಸಬರ ಪರಿಚಯ ನನಗಿನ್ನೂ ಆಗಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಅವರ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಮುಂದಿನ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಆ ಟಿ.ಸಿ. ಹತ್ತಿರ ನಿಂತಿರುತ್ತೇನೆ ಎಂದು ಅದರ ಕೆಳಗೆ ಬರೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಸೋಲಾರ್ ಅಳವಡಿಕೆದಾರ